ಯಾರ ಹೆಸರನ್ನೂ ಬಿಡದ ಕದಿರಮ್ಮ

ಆಂಡರ್ಸನ್‌ಪೇಟೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪಾಳಿಯ ಹೊತ್ತಾಯಿತೆಂದು ಚಿನ್ನದ ಗಣಿಯ ಸಂಗು ಒಂದು ಸಲ ಕೂಗಿ ನಿಂತಿದೆ. ಮೊದಲ ಪಾಳಿಗೆ ಹೊರಟ ಕೂಲಿಗಳು ಕನಕಮ್ಮನ ಗುಡಿಸಲ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಸಿ ಇಡ್ಲಿ ತಿನ್ನುತ್ತಿದ್ದಾರೆ. ಪತ್ರಿಕೆಗೆ ಬರೆಯಲು ಬಂದ ನಾನೂ ಅವರ ನಡುವೆ ಇದ್ದೇನೆ. ಅಷ್ಟರಲ್ಲಿ ಗಣಿಮಣ್ಣಿನ ದಿಬ್ಬದ ಕಡೆಯಿಂದ ಗಂಟೆಯ ಸದ್ದು. ಬಿಳಿ ಎತ್ತೊಂದರ ಮೂಗುದಾರ ಹಿಡಿದು, ಕಂಬಳಿ ಹೊದ್ದ ಹೆಂಗಸೊಬ್ಬಳು ಬಂದು ಬಾಗಿಲಿಗೆ ನೇರವಾಗಿ ನಿಲ್ಲುತ್ತಾಳೆ. ವಯಸ್ಸು ಐವತ್ತರ ಆಸುಪಾಸು. ಗಂಟೆಯನ್ನು ಅಂಗೈಯಲ್ಲಿ ಅದುಮಿ ಸದ್ದಡಗಿಸಿ ಶುರುಮಾಡುತ್ತಾಳೆ.

"ಎಲಚಿಗುಟ್ಟೆ ದೊಡ್ಡಮನೆ. ಮೂಲಪುರುಸ ಚಿಕ್ಕಣ್ಣ, ಕೆರೆಗೆ ತೂಬು ಇಡ್ಸಿದೋನು. ಅವನ ಮಗ ದಾಸಪ್ಪ. ದಾಸಪ್ಪನ ಮಗ ಮುನಿಸ್ವಾಮಪ್ಪ, ಅವನ ಎಂಡ್ತಿ ನರಸಮ್ಮ. ಅವರಿಗೆ ಗಂಡುಮಕ್ಳು ಇಬ್ರು. ದೊಡ್ಡೋನು ಕೋದಂಡಪ್ಪ, ಚಿಕ್ಕೋನು ಅಶ್ವತ್ಥಪ್ಪ. ಅಶ್ವತ್ಥಪ್ಪನ ಎಂಡ್ತಿ ಕನಕಮ್ಮ. ಅವರ ಮಗಳು ನರಸಮ್ಮ."

ಕನಕಮ್ಮ ಪಾತ್ರೆಯ ಮುಚ್ಚಳ ಕೈಯಲ್ಲೇ ಹಿಡಿದು ಕೇಳುತ್ತಾಳೆ. ತಿನ್ನುತ್ತಿದ್ದವರೂ ಬಾಯಾಡಿಸುವುದನ್ನು ನಿಲ್ಲಿಸಿದ್ದಾರೆ.

ಎತ್ತಿನ ಜೊತೆ ಬಂದವಳು ಕದಿರಮ್ಮ, ಹೆಳವರ ಮನೆಯವಳು. ಬಂಗಾರಪೇಟೆ ಸೀಮೆಯ ಒಕ್ಕಲು ಮನೆತನಗಳಲ್ಲಿ ಯಾರು ಯಾರ ಮಗ, ಎಲ್ಲಿಂದ ಹೆಣ್ಣು ತಂದರು, ಯಾವ ಬರದಲ್ಲಿ ಯಾವ ಊರು ಬಿಟ್ಟು ಬಂದರು ಎಂಬುದನ್ನೆಲ್ಲ ಬಾಯಲ್ಲಿ ಕಾಪಾಡಿಕೊಂಡು ಬಂದವರು ಹೆಳವರು. ಸುಗ್ಗಿ ಮುಗಿಯುತ್ತಲೇ ಊರೂರಿಗೆ ಹೋಗಿ, ಬೆಳಗಿನ ಜಾವ ಬಾಗಿಲಲ್ಲಿ ನಿಂತು ಆ ಮನೆಯ ವಂಶ ಹೇಳುತ್ತಾರೆ. ಮನೆಯವರು ಮೊರದಲ್ಲಿ ರಾಗಿ ಕೊಡುತ್ತಾರೆ, ವರ್ಷದಲ್ಲಿ ಹುಟ್ಟಿದವರ ಹೆಸರು ಕೊಡುತ್ತಾರೆ. ಒಬ್ಬ ಹೆಳವನ ಪಾಲಿನ ಮನೆಗೆ ಇನ್ನೊಬ್ಬ ಕಾಲಿಡುವುದಿಲ್ಲ.

ಈ ಕೆಲಸವನ್ನು ಗಂಡಸರೇ ಮಾಡಬೇಕು. ಕದಿರಮ್ಮನ ಗಂಡ ಸೊಣ್ಣಪ್ಪ ಇನ್‌ಫ್ಲುಯೆಂಜಾ ಬಂದ ವರ್ಷ ತೀರಿಕೊಂಡಾಗ, ಅವನ ಪಾಲಿನ ನಲವತ್ತು ಚಿಲ್ಲರೆ ಮನೆಗಳನ್ನು ದಾಯಾದಿಗೆ ಒಪ್ಪಿಸಬೇಕೆಂದು ಕುಲದ ಹಿರಿಯರು ತೀರ್ಮಾನಿಸಿದರು. ಕದಿರಮ್ಮ ಎತ್ತಿನ ಹಗ್ಗವನ್ನು ಕೈಯಿಂದ ಬಿಡಲಿಲ್ಲ.

"ನಮ್ಮೆಜಮಾನ್ರು ಏಳ್ತಾ ಏಳ್ತಾ ಮರ್ತೋದಾಗ ಬೆನ್ನಿಂದೆ ನಿಂತು ಎತ್ತಿಕೊಡ್ತಿದ್ದೋಳು ನಾನು ಸ್ವಾಮಿ. ಎಂಗಸು ವಂಸ ಏಳಬಾರ್ದು ಅಂದ್ರು. ನಾಲಿಗೇಲಿ ಗಂಡುನಾಲಿಗೆ ಎಣ್ಣುನಾಲಿಗೆ ಅಂತ ಎರಡೈತಾ ಅಂತ ಕೇಳ್ದೆ. ಎತ್ತು ಬಿಚ್ಕೊಂಡೆ. ನಾನು ಒಂಟೋದೆ."

ಹೊರಟವಳು ಎರಡು ವಿಷಯದಲ್ಲಿ ಗಂಡನ ದಾರಿಯನ್ನೂ ಬಿಟ್ಟಳು. ಗಂಡುಮಕ್ಕಳ ಸಾಲಿನಲ್ಲಿ ಹೆಂಡಿರ, ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿದಳು. ಗಣಿ ಸೇರಿದವರನ್ನು ಹುಡುಕಿಕೊಂಡು ಊರಿಗಾಂ, ನಂದಿದುರ್ಗ ಗಣಿಗಳ ಕೂಲಿ ಲೈನುಗಳ ಸಾಲುಮನೆಗಳವರೆಗೂ ನಡೆದಳು. ಐವತ್ತು ವರ್ಷದ ಹಿಂದೆ ಮೊದಲ ಗಣಿಗಳು ಬಾಯಿ ತೆರೆದಾಗಿನಿಂದ ಹಳ್ಳಿ ಬಿಟ್ಟು ಬಂದವರನ್ನು ಉಳಿದ ಹೆಳವರು ಅಲ್ಲಿಗೇ ಬಿಟ್ಟಿದ್ದರು. ತಗಡಿನ ಮನೆಯ ಮುಂದೆ ನಿಂತರೆ ರಾಗಿ ಕೊಡುವವರು ಯಾರು?

ಎಲಚಿಗುಟ್ಟೆ ದೊಡ್ಡಮನೆಯ ಅಶ್ವತ್ಥಪ್ಪ ಹಾಗೆ ಬಂದವನು. ನೆಲದಡಿಯಲ್ಲಿ ಬಂಡೆ ಕೊರೆಯುವ ಕೆಲಸಕ್ಕೆ ಸೇರಿದ. ಲೈನಿನಲ್ಲೇ ಬೆಳೆದ ತಮಿಳರ ಹುಡುಗಿ ಕನಕಮ್ಮನನ್ನು ಕಟ್ಟಿಕೊಂಡ. ಜಾತಿ ಬೇರೆ, ಮಾತು ಬೇರೆ. ಅಣ್ಣ ಕೋದಂಡಪ್ಪ ಅವತ್ತೇ ತಮ್ಮನ ಮಾತೆತ್ತುವುದನ್ನು ನಿಲ್ಲಿಸಿದ. ಆರು ವರ್ಷದ ಹಿಂದೆ ಬಂಡೆ ಸಿಡಿದು ಅಶ್ವತ್ಥಪ್ಪ ಸತ್ತಾಗ ಮಣ್ಣಿಗೂ ಬರಲಿಲ್ಲ. ಆ ಸುಗ್ಗಿಯಲ್ಲಿ, ಕನಕಮ್ಮನ ಮತ್ತು ಮಗಳ ಹೆಸರನ್ನು ಆಗಷ್ಟೇ ಲೈನಿನಲ್ಲಿ ಕೇಳಿಕೊಂಡು ಬಾಗಿಲಿಗೆ ಬಂದ ಕದಿರಮ್ಮನನ್ನು ಕೋದಂಡಪ್ಪ ತಡೆದು, "ಅವನ ಎಸರು ಬುಟ್ಟು ಏಳಮ್ಮೀ. ನಮ್ಮಪ್ಪಂಗೆ ನಾನೊಬ್ನೇ ಮಗ" ಎಂದ.

"ಅಂಗಾದ್ರೆ ನಿಮ್ಮವ್ವ ಎಷ್ಟು ಮಕ್ಳು ಎತ್ತವ್ಳೆ ಅಂತ ನಿಮ್ಮವ್ವನ್ನೇ ಕೇಳಾನ ಬುಡು ಗೌಡ" ಎಂದು ಕದಿರಮ್ಮ ಅಲ್ಲೇ ಹೇಳಿದಳು.

ಅಂದಿನಿಂದ ಎಲಚಿಗುಟ್ಟೆಯ ಬಾಗಿಲುಗಳು ಮುಚ್ಚಿದವು. ಕೋದಂಡಪ್ಪನ ಮಾತು ಮೀರಿ ರಾಗಿ ಹಾಕುವ ಧೈರ್ಯ ಆ ಊರಲ್ಲಿ ಯಾರಿಗೂ ಇರಲಿಲ್ಲ. ಪಕ್ಕದ ಎರಡು ಹಳ್ಳಿಗಳೂ ಅದೇ ಹಾದಿ ಹಿಡಿದವು. ಆ ವರ್ಷಗಳಲ್ಲಿ ಕದಿರಮ್ಮ ಇಟ್ಟಿಗೆ ಗೂಡಿನಲ್ಲಿ ಮಣ್ಣು ಹೊತ್ತಳು, ಎತ್ತಿಗೆ ಮೇವಿಲ್ಲದೆ ರೈಲು ಹಳಿಯ ಬದಿಯ ಹುಲ್ಲು ಕೊಯ್ದಳು. ಒಂದು ಹೆಸರು ನುಂಗಿಕೊಂಡಿದ್ದರೆ ಎಲ್ಲವೂ ಮೊದಲಿನಂತೆ ನಡೆಯುತ್ತಿತ್ತಲ್ಲ ಎಂದು ನಾನು ಕೇಳುತ್ತೇನೆ.

ಕದಿರಮ್ಮ ಎತ್ತಿನ ಹಗ್ಗವನ್ನು ಇನ್ನೊಂದು ಕೈಗೆ ಬದಲಿಸುತ್ತಾಳೆ. "ಗಣಿ ಕಂಪನಿಯೋರು ಅಶ್ವತ್ಥಪ್ಪಂಗೆ ಒಂದು ನಂಬರು ಬಿಲ್ಲೆ ಕೊಟ್ಟಿದ್ರು. ಸತ್ಮೇಲೆ ಆ ನಂಬರು ಇನ್ನೊಬ್ಬಂಗೆ ಓಯ್ತು. ಸರಿ, ಅದು ಅವರ ಕೆಲ್ಸ. ಎಸರು ಅಂಗೆ ಇನ್ನೊಬ್ಬಂಗೆ ಕೊಡಕ್ಕಾಯ್ತದಾ? ಇವತ್ತು ಅವನ್ನ ಬುಡು ಅಂತಾರೆ. ನಾಳೆ ಇನ್ನೊಬ್ರು ಮಕ್ಳಿಲ್ದೋಳ್ನ ಬುಡು ಅಂತಾರೆ. ಬುಡ್ತಾ ಓದ್ರೆ ಕೊನೆಗೆ ಉಳಿಯೋನು ರಾಗಿ ಕೊಟ್ಟೋನು ಒಬ್ನೇ."

ಹೋದ ವರ್ಷ ಕೋದಂಡಪ್ಪನ ಮಗನ ಮದುವೆ ಗೊತ್ತಾಯಿತು. ಮುಳಬಾಗಿಲು ಕಡೆಯ ಬೀಗರು ಹಳೆಯ ಕಾಲದ ಜನ. ತಾವು ಹೆಣ್ಣು ಕೊಡುವ ಮನೆಯ ವಂಶವನ್ನು ಚಪ್ಪರದಲ್ಲಿ ಕೇಳಬೇಕೆಂದರು. ಕೋದಂಡಪ್ಪ ಬೇರೆ ಹೆಳವನನ್ನು ಕರೆಸಿದ. ಅವನು ಅಂಗಳದವರೆಗೂ ಬಂದು, ಇದು ಸೊಣ್ಣಪ್ಪನ ಪಾಲಿನ ಮನೆ ಎಂದು ತಿಳಿಯುತ್ತಲೇ ನೀರನ್ನೂ ಮುಟ್ಟದೆ ಹಿಂದಿರುಗಿದ. ಕೊನೆಗೆ ಕದಿರಮ್ಮನಿಗೇ ಹೇಳಿಕಳಿಸಬೇಕಾಯಿತು. "ಏಳಿದ್ರೆ ಪೂರ್ತಿ ಏಳ್ತೀನಿ. ಇಷ್ಟ ಇದ್ರೆ ಕರೀರಿ" ಎಂದು ಅವಳು ಉತ್ತರ ಕಳಿಸಿದಳು. ಬೀಗರ ಮುಂದೆ ಬಾಯಿ ಕಟ್ಟಿಕೊಂಡಾಳು ಎಂದು ಕೋದಂಡಪ್ಪ ನಂಬಿದ್ದನೋ ಏನೋ, ಬರಲಿ ಎಂದ.

ಚಪ್ಪರದಲ್ಲಿ ಅವಳು ಚಿಕ್ಕಣ್ಣನಿಂದ ಹಿಡಿದು ಹೇಳುತ್ತ ಬಂದಳು. ಕೋದಂಡಪ್ಪನ ಹೆಸರು ಬಂತು. ಅಲ್ಲಿಗೆ ಸಾಕು ಎಂದು ಅವನು ಕೈ ಎತ್ತಿದ. ಗೋಡೆಗೆ ಒರಗಿ ಕೂತಿದ್ದ ಅವನ ತಾಯಿ, ಎಂಬತ್ತು ದಾಟಿದ ನರಸಮ್ಮ, "ಏಳವ್ವ, ಮುಂದಕ್ಕೇಳು" ಎಂದಳು. ಕದಿರಮ್ಮ ಹೇಳಿದಳು. ಅಶ್ವತ್ಥಪ್ಪ. ಅವನ ಹೆಂಡತಿ ಕನಕಮ್ಮ. ಅವರ ಮಗಳು ನರಸಮ್ಮ.

ಎಲಚಿಗುಟ್ಟೆಗೆ ಹೋಗಿ ಆ ಮುದುಕಿಯನ್ನು ನಾನು ಕಂಡು ಬಂದಿದ್ದೇನೆ. ಕಣ್ಣು ಮಸುಕಾಗಿದೆ, ಮಾತು ಸ್ಪಷ್ಟವಿದೆ. "ಅವನಿಗೆ ಮಗಳವ್ಳೆ ಅಂತ ಗೊತ್ತಿತ್ತಪ್ಪ. ನನ್ನೆಸರೇ ಮಡಗವ್ನೆ ಅಂತ ಆವತ್ತೇ ಗೊತ್ತಾಗಿದ್ದು. ಯಾರೂ ಏಳಿರ್ಲಿಲ್ಲ. ಏಳಕ್ಕೆ ಬುಟ್ಟಿದ್ರೆ ತಾನೆ."

ಕೋದಂಡಪ್ಪ ಚಪ್ಪರದಿಂದ ಎದ್ದು ಹೋದ. ಬೀಗರು ಗುಸುಗುಸು ಮಾತಾಡಿಕೊಂಡರು. ಸತ್ತ ತಮ್ಮನನ್ನು ಮುಚ್ಚಿಟ್ಟದ್ದೇಕೆ ಎಂದು ಅವರ ಹಿರಿಯನೊಬ್ಬ ಕೇಳಿದ. ಆದರೆ ಮದುವೆ ನಿಲ್ಲಲಿಲ್ಲ. ಕದಿರಮ್ಮನಿಗೆ ಆ ದಿನ ಯಾರೂ ಒಂದು ಸೇರು ರಾಗಿಯನ್ನೂ ಅಳೆಯಲಿಲ್ಲ, ಊಟಕ್ಕೆ ಏಳು ಎಂದೂ ಅನ್ನಲಿಲ್ಲ. ಎತ್ತು ಹೊಡೆದುಕೊಂಡು ಬಂದ ದಾರಿಯಲ್ಲೇ ವಾಪಸಾದಳು.

ಮದುವೆಯ ಗದ್ದಲ ಅಡಗಿದ ಮೇಲೆ ನರಸಮ್ಮ ಬಂಗಾರಪೇಟೆಗೆ ನಡೆದುಹೋಗಿ ಗಣಿಯ ರೈಲು ಹತ್ತಿದಳು. ಮಗ ಅವಳನ್ನು ತಡೆಯಲಿಲ್ಲ, ಗಾಡಿಯನ್ನೂ ಕಟ್ಟಿಸಲಿಲ್ಲ. ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು, ಕೇಳುತ್ತ ಕೇಳುತ್ತ ಈ ಗುಡಿಸಲಿಗೆ ಬಂದಳು. "ಬಂದೋರು ಮೊದ್ಲು ಇಡ್ಲಿ ಕೇಳಿದ್ರು ಸಾರ್" ಎನ್ನುತ್ತಾಳೆ ಕನಕಮ್ಮ. "ಯಾರೋ ಪಾಟಿ, ವಯಸಾದ ಅಜ್ಜಿ ಅಂದ್ಕೊಂಡೆ. ತಿಂದು ಕೈ ತೊಳ್ದು, ನನ್ ಪೇರ್ ನರಸಮ್ಮ, ಇನ್ನೊಬ್ಳು ನರಸಮ್ಮ ಎಲ್ಲಿ ಅಂದ್ರು." ಈಗ ಮುದುಕಿ ತಿಂಗಳಿಗೊಮ್ಮೆಯಾದರೂ ಬರುತ್ತಾಳೆ.

ಎಲಚಿಗುಟ್ಟೆಯಲ್ಲಿ ಕೆಲವು ಬಾಗಿಲು ತೆರೆದಿವೆ, ದೊಡ್ಡಮನೆಯದು ತೆರೆದಿಲ್ಲ. ಪಕ್ಕದ ಹಳ್ಳಿಗಳು ಇನ್ನೂ ಕೋದಂಡಪ್ಪನ ಮುಖ ನೋಡುತ್ತಿವೆ. ಬಂದ ರಾಗಿ ವರ್ಷಪೂರ್ತಿ ಸಾಲುವುದಿಲ್ಲವಾದ್ದರಿಂದ ಕದಿರಮ್ಮ ಇಟ್ಟಿಗೆ ಗೂಡನ್ನು ಬಿಟ್ಟಿಲ್ಲ. ಮಣ್ಣು ಹೊರುವಾಗ ಮಗಳು ಅಮ್ಮಾಜಮ್ಮನನ್ನು ಜೊತೆಗೆ ಕರೆದುಕೊಳ್ಳುತ್ತಾಳೆ. ಬುಟ್ಟಿ ತಲೆಯ ಮೇಲಿದ್ದಂತೆಯೇ ತಾಯಿ ಒಂದು ಹೆಸರು ಎತ್ತುತ್ತಾಳೆ, ಮಗಳು ಮುಂದಿನದನ್ನು ಹೇಳಬೇಕು. ತಪ್ಪಿದರೆ ಮತ್ತೆ ಮೂಲಪುರುಷನಿಂದ. ಕುಲದವರು ಇದಕ್ಕೂ ಆಕ್ಷೇಪಿಸಿದ್ದಾರೆ. "ಆಕ್ಷೇಪ ಅವರದು, ಮಗಳು ನನ್ನೋಳು" ಎನ್ನುತ್ತಾಳೆ ಕದಿರಮ್ಮ.

ಬೆಳಕು ಹರಿದಿದೆ. ಕೂಲಿಗಳು ಗಣಿಯತ್ತ ಹೋಗಿಯಾಯಿತು. ಕನಕಮ್ಮ ಕೊಟ್ಟ ಇಡ್ಲಿಯನ್ನು ಕದಿರಮ್ಮ ಸೆರಗಿಗೆ ಕಟ್ಟಿಕೊಂಡು ಎತ್ತಿನ ಬೆನ್ನು ತಟ್ಟುತ್ತಾಳೆ. ಇನ್ನು ಯಾವ ಕಡೆಗೆ ಪಯಣ ಎಂದರೆ, ಎಲಚಿಗುಟ್ಟೆ ದೊಡ್ಡಮನೆಗೆ ಎನ್ನುತ್ತಾಳೆ. ಕೋದಂಡಪ್ಪನಿಗೆ ಮೊಮ್ಮಗು ಹುಟ್ಟಿದೆಯಂತೆ. ತವರಿಂದ ಸೊಸೆ ಮಗುವನ್ನು ಕರೆತಂದಿದ್ದಾಳಂತೆ.

"ಕಾಳು ಕೊಡ್ದಿದ್ರೆ ಓಗ್ಲಿ. ಮಗೂದು ಎಸರು ಬೇಕು ನಂಗೆ."

ಹೆಸರನ್ನೂ ಹೇಳದಿದ್ದರೆ?

"ಬಾಗ್ಲಲ್ಲೇ ನಿಂತಿರ್ತೀನಿ. ಯಾರಾದ್ರೂ ಆ ಮಗೂನ ಒಂದು ಸಲ ಕೂಗೇ ಕೂಗ್ತಾರಲ್ಲ."