ಎದ್ದು ನಡೆದ ಗಡಿಕಲ್ಲು

ನಾನು ನಿಂತಿದ್ದದ್ದು ಸನವಳ್ಳಿಯ ಆಚೆಗಿನ ಒಂದು ಸಣ್ಣ ಹಳ್ಳಿಯಲ್ಲಿ, ವಿಧವೆಯೊಬ್ಬಳ ಗದ್ದೆಯ ಪಡುವಣ ಬದುವಿನ ಮೇಲೆ, ಬಾವಿಗೆ ಬೆನ್ನು ಕೊಟ್ಟು. ಇಸವಿ ಸಾವಿರದ ಒಂಬೈನೂರ ಮೂವತ್ತೆಂಟು. ಭತ್ತದ ಕೊಯಿಲು ಮುಗಿದು ತಿಂಗಳಾಗಿತ್ತು. ಹೊತ್ತು ಏರಿತ್ತು, ಆದರೆ ಮಂಜು ಪೂರ್ತಿ ಕರಗಿರಲಿಲ್ಲ. ಒಂದು ಎಮ್ಮೆ ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಗದ್ದೆಯ ಒಳಗೆ ಮಲಗಿತ್ತು. ಇಪ್ಪತ್ತು ಎಂಬುದು ಅಂದಾಜಲ್ಲ. ಆಮೇಲೆ ನಾನೇ ನಡೆದು ಎಣಿಸಿದ್ದೇನೆ.

ನಾನಾಗ ಇಪ್ಪತ್ನಾಲ್ಕು ವರ್ಷದ ಸರಕಾರಿ ಕಾರಕೂನ. ಪಂಚನಾಮೆ ಬರೆಯಲು ನನ್ನನ್ನು ಕಳಿಸಿದ್ದರು. ತಕರಾರು ಇಷ್ಟು: ಕೊಯಿಲು ಮುಗಿಯುವುದರೊಳಗೆ ಗಡಿಕಲ್ಲು ಕಾಣೆಯಾಗಿತ್ತು. ಕಲ್ಲು ಈ ಬದುವಿನ ಮೇಲೆಯೇ ಇತ್ತು ಎಂದು ವಿಧವೆ ಹೇಳುತ್ತಿದ್ದಳು. ಪಕ್ಕದ ಗದ್ದೆಯವನು, ಅಲ್ಲ, ಅದು ಇನ್ನೂ ಎರಡು ಮಾರು ಒಳಗಿತ್ತು, ಅಲ್ಲಿಯವರೆಗೆ ನೆಲ ನನ್ನದು ಎನ್ನುತ್ತಿದ್ದ. ಆ ಹೆಂಗಸಿಗೆ ಇದ್ದದ್ದು ಅದೊಂದೇ ಗದ್ದೆ. ಮನೆಯಲ್ಲಿ ಹನ್ನೆರಡು ವರ್ಷದ ಮಗಳು ಮತ್ತು ಕುರುಡಿ ಅತ್ತೆ.

ಆ ಊರಿನ ಪದ್ಧತಿಯಂತೆ ಮೂವರು ಹಿರಿಯರು ಪಂಚರಾಗಿ ಬಂದು, ಕಲ್ಲನ್ನು ಹುಡುಕಿ, ಕಂಡು, ಒಬ್ಬೊಬ್ಬರಾಗಿ 'ಇದೇ ಕಲ್ಲು' ಎನ್ನಬೇಕು. ಆಮೇಲೆ ಅವರಲ್ಲಿ ಹಿರಿಯರಾದವರು ಅದಕ್ಕೆ ಸುಣ್ಣದ ಪಟ್ಟಿ ಎಳೆಯಬೇಕು. ಮೊದಲ ಪಂಚರು ಬಾಯಿ ತೆರೆದಾಗಿನಿಂದ ಸುಣ್ಣ ಬೀಳುವವರೆಗೆ ಬೇರೆ ಯಾರೂ ತುಟಿ ಬಿಚ್ಚುವಂತಿಲ್ಲ. ತಕರಾರಿನವರು ನಡುವೆ ಬಾಯಿ ಹಾಕಿದರೆ ಅವರ ಪಾಲಿಗೆ ಎಲ್ಲ ಮುಗಿದ ಹಾಗೆ. ಇನ್ನೊಂದು ಮಾತೂ ಇತ್ತು: ಕಣ್ಣು ಕಾಣದವರು ಪಂಚರಾಗುವಂತಿಲ್ಲ. ಈ ಕೊನೆಯ ಮಾತಿನಿಂದಲೇ ಎಲ್ಲ ಕೆಟ್ಟದ್ದು.

ಪಂಚರೆಂದರೆ ಊರ ಗೌಡರು, ಮುದುಕ ಬಡಿಗ, ಮತ್ತು ಕೆಲಸದಿಂದ ನಿವೃತ್ತರಾದ ಶಾಲೆಯ ಮಾಸ್ತರರು. ಮೂವರೂ ಅರವತ್ತೈದು ದಾಟಿದವರು. ಬರುವ ದಾರಿಯಲ್ಲಿ ಗೌಡರು ಹೊಲದೊಳಗಿನ ಬೆದರುಗೊಂಬೆಗೆ "ನಾಷ್ಟಾ ಆತೇನಪಾ?" ಎಂದು ಕೇಳಿದ್ದರು. ಉತ್ತರ ಬರಲಿಲ್ಲ. "ಈಗಿನ ಹುಡುಗರಿಗೆ ಸೊಕ್ಕು ಬಾಳ" ಎಂದು ಮುಂದೆ ನಡೆದಿದ್ದರು. ನಾನು ಅದನ್ನು ಚೇಷ್ಟೆ ಎಂದುಕೊಂಡು ನಕ್ಕಿದ್ದೆ. ಗೌಡರು ನಕ್ಕಿರಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಬದುವಿನ ಮೇಲೆ ನಿಂತ ಪಕ್ಕದ ಗದ್ದೆಯವನು ಒಳಗಡೆಗೆ ಕೈ ಬೀಸಿ "ಆ ಕಡಿಗೆ ಐತ್ರಿ" ಎಂದ. ಗೌಡರು ಹಣೆಗೆ ಕೈ ಹಚ್ಚಿ ದಿಟ್ಟಿಸಿದರು. ಮಂಜಿನಲ್ಲಿ ಕರ್ರಗೆ ಏನೋ ಇತ್ತು.

"ಹಾಂ, ಇದೇ ಕಲ್ಲು. ಸ್ವಚ್ಛ ಕಾಣತೈತಿ," ಎಂದರು.

"ಹೌದ್ರಿ ಗೌಡ್ರ, ಇದೇ ಕಲ್ಲು," ಎಂದ ಬಡಿಗ, ಬಾವಿಯ ಕಡೆಗೆ ನೋಡುತ್ತ.

ಮಾಸ್ತರರು ಕುತ್ತಿಗೆ ಚಾಚಿದರು. "ಇದೇ ಕಲ್ಲು ಖರೆ. ಆದ್ರ ಮೊದಲಿಗಿಂತ ದಪ್ಪ ಆಗೈತಲ್ಲ?"

"ಮಳಿಗಿ ಮಣ್ಣು ಕೊಚ್ಚಿ ಹೋಗೈತ್ರಿ ಮಾಸ್ತರ," ಎಂದ ಬಡಿಗ. "ಬುಡ ಕಾಣಾಕತ್ತೈತಿ."

ನಾನು ಎಮ್ಮೆಯ ಕಿವಿ ಅಲ್ಲಾಡಿದ್ದನ್ನು ನೋಡಿದೆ. ಪಕ್ಕದ ಗದ್ದೆಯವನ ಮುಖವನ್ನೂ ನೋಡಿದೆ. ಅದು ಅವನದೇ ಎಮ್ಮೆ. ಅವನು ಕೇಳಿದ್ದು ಎರಡು ಮಾರು, ಪಂಚರು ಕೊಡುತ್ತಿದ್ದದ್ದು ಎಂಟು. ಅವನು ಬಹಳ ಗಂಭೀರವಾಗಿ ಆಕಾಶ ನೋಡುತ್ತಿದ್ದ. ವಿಧವೆ ಸೆರಗನ್ನು ಬಾಯಿಗೆ ತುರುಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳು ಮಾತಾಡುವಂತಿರಲಿಲ್ಲ. ನಾನೂ ಊರ ಪದ್ಧತಿ ಎಂದು ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, 'ಪಂಚರು ಕಲ್ಲನ್ನು ಕಣ್ಣಾರೆ ಕಂಡು ಗುರುತಿಸಿದ್ದಾರೆ' ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ.

ಗೌಡರು ಸುಣ್ಣದ ಡಬ್ಬಿ ಹಿಡಿದು ಕೋಲೂರುತ್ತ ಹೋದರು. ಬಗ್ಗಿ, ಎಮ್ಮೆಯ ಬೆನ್ನಿನ ಮೇಲೆ ಒಂದು ಗೇಣು ಉದ್ದಕ್ಕೆ ಬೆರಳಿನಿಂದ ಪಟ್ಟಿ ಎಳೆದರು.

"ಕಲ್ಲು ಬೆಚ್ಚಗೈತಲ್ಲ!" ಎಂದರು.

"ಬಿಸಿಲಿಗೆ ಕಾದೈತ್ರಿ," ಎಂದ ಬಡಿಗ.

ಆಗ ಕಲ್ಲು ಒಂದು ದೊಡ್ಡ ಉಸಿರು ಬಿಟ್ಟು, ಹಿಂಗಾಲು ಮೊದಲು ಎತ್ತಿ, ಎದ್ದು ನಿಂತಿತು. ಗೌಡರು ಕುಕ್ಕರುಬಡಿದರು. ಎಮ್ಮೆ ಬಿಳಿ ಪಟ್ಟಿಯ ಸಮೇತ ನಿಧಾನಕ್ಕೆ ಬದು ದಾಟಿ, ಪಕ್ಕದ ಗದ್ದೆಯವನ ಮನೆಯ ಕಡೆಗೆ ನಡೆಯಿತು.

ಸುಣ್ಣ ಬಿದ್ದಿತ್ತು. ಇನ್ನು ಯಾರು ಬೇಕಾದರೂ ಮಾತಾಡಬಹುದಿತ್ತು. ವಿಧವೆ ಸೆರಗನ್ನು ಬಾಯಿಂದ ತೆಗೆದು, "ಎಪ್ಪಾ, ನಿಮ್ಮ ಕಲ್ಲು ಹಾಲು ಹಿಂಡಿಸಿಕೊಳ್ಳಾಕ ಹೊಂಟೈತಿ, ಹಿಡೀರಿ!" ಎಂದಳು.

ಗೌಡರು ನೆಲದ ಮೇಲೆ ಕುಳಿತೇ ಇದ್ದರು. ಸುಣ್ಣದ ಬೆರಳನ್ನು ಧೋತರಕ್ಕೆ ಒರೆಸಿಕೊಂಡು, "ಮೂರು ವರ್ಷ ಆತು," ಎಂದರು. "ಎಲ್ಲಾ ಹೊಗಿ ಹೊಗಿ ಕಾಣತೈತಿ."

"ನಾ ನಿಮ್ಮ ಮಾತಿನ ಮ್ಯಾಲೆ ಹೇಳಿದ್ನಿರಿ," ಎಂದ ಬಡಿಗ. "ನನಗ ಉಳಿನೂ ಕಾಣಂಗಿಲ್ಲ. ಬೆರಳು ನೋಡ್ರಿ," ಎಂದು ಗಾಯಗಳ ಕೈ ಚಾಚಿದ.

"ನಾ ಬಡಿಗ್ಯಾರ ಕಣ್ಣು ಚೂಪು ಅಂತ ನಂಬಿದ್ನಿ," ಎಂದರು ಮಾಸ್ತರರು.

ಮನೆಯ ಕಡೆಯಿಂದ ಮೊಮ್ಮಗಳ ಭುಜ ಹಿಡಿದುಕೊಂಡು ಕುರುಡಿ ಅಜ್ಜಿ ಬಂದಳು. ಗದ್ದಲ ಅವಳಿಗೂ ಕೇಳಿಸಿತ್ತು.

"ಗೌಡ್ರ, ನನ್ನ ಕಣ್ಣು ಹೋಗಿ ಹತ್ತು ವರ್ಷ ಆತು. ಅವತ್ತೇ ಊರಿಗೆಲ್ಲಾ ಸಾರಿ ಹೇಳೇನಿ. ಕುಂತಲ್ಲಿಗೆ ಚಾ ಬರತೈತಿ. ನೀವ್ಯಾಕ ಮುಚ್ಚಿಟ್ಟು ಒದ್ದಾಡ್ತೀರಿ?"

"ನೀ ಪಂಚ ಅಲ್ಲಲ್ಲ ಬೇ," ಎಂದರು ಗೌಡರು, ಬಹಳ ಸಣ್ಣ ದನಿಯಲ್ಲಿ.

ಅಜ್ಜಿ ನನ್ನನ್ನು ಸರಿಸಿ ಬಾವಿಯ ಕಟ್ಟೆ ಮುಟ್ಟಿದಳು. ನಲವತ್ತು ವರ್ಷ ಅವಳು ಇದೇ ಬದುವಿನ ಮೇಲೆ ಬುತ್ತಿ ಹೊತ್ತವಳು. ಪ್ರತಿ ಸಲವೂ ಬುಟ್ಟಿ ಇಳಿಸುತ್ತಿದ್ದದ್ದು ಆ ಕಲ್ಲಿನ ಮೇಲೆ. ಮೊಮ್ಮಗಳನ್ನು ಬಿಟ್ಟು, ಅಂಗಾಲಿನಿಂದ ಬದು ತಡವುತ್ತ, ಗಟ್ಟಿಯಾಗಿ ಎಣಿಸುತ್ತ ಹೋದಳು. ಮೂವತ್ತೊಂದಕ್ಕೆ ಅವಳ ಮೂಗು ಹುಲ್ಲಿನ ಬಣವೆಗೆ ಬಡಿಯಿತು.

"ಇದ್ಯಾವನು ನನ್ನ ಕಲ್ಲಿನ ಮ್ಯಾಲೆ ಬಣವಿ ಒಟ್ಟಿದಾಂವ?"

ಪಕ್ಕದ ಗದ್ದೆಯವನು ಈ ಸಲ ಆಕಾಶ ನೋಡಲಿಲ್ಲ. ವಿಧವೆ ಮತ್ತು ಮಗಳು ಹುಲ್ಲು ಕಿತ್ತು ಎಸೆದರು. ಅಡಿಯಲ್ಲಿ ಮೊಣಕಾಲೆತ್ತರದ ಕಲ್ಲಿತ್ತು. ಅಜ್ಜಿ ಅದರ ತಲೆ ಸವರಿ, ತಾನು ಕುಡಗೋಲು ಮಸೆದು ಮಸೆದು ಆದ ತಗ್ಗನ್ನು ಹುಡುಕಿದಳು. ಮೂವರು ಪಂಚರ ಬೆರಳುಗಳನ್ನೂ ಹಿಡಿದು ಅದರಲ್ಲಿ ಇಟ್ಟಳು.

ನಾನು ಬರೆದದ್ದನ್ನು ಹೊಡೆದುಹಾಕಿ, 'ಪಂಚರು ಕಲ್ಲನ್ನು ಕೈಯಿಂದ ಮುಟ್ಟಿ ಗುರುತಿಸಿದ್ದಾರೆ' ಎಂದು ಬರೆದೆ. ಕಚೇರಿಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ. ಗದ್ದೆ ವಿಧವೆಯದಾಗಿಯೇ ಉಳಿಯಿತು.

ಅಲ್ಲಿಂದ ಮುಂದೆ ನಾನು ಮುದುಕರನ್ನು ಗಮನಿಸತೊಡಗಿದೆ. ಹಳಿಯಾಳ, ಜೋಯಿಡಾ, ದಾಂಡೇಲಿ, ವರ್ಗವಾಗಿ ಹೋದ ಊರುಗಳಲ್ಲೆಲ್ಲ ಕಾಣದವರೇ ತುಂಬಿದ್ದರು. ಒಬ್ಬೊಬ್ಬರೂ ಊರಿಗೆ ತಾನೊಬ್ಬನೇ ಹಾಗೆ ಎಂದು ತಿಳಿದು ಬಚ್ಚಿಟ್ಟುಕೊಂಡಿದ್ದರು. ಮನೆಯಲ್ಲಿ ನನ್ನ ಅಪ್ಪ ದಿನಾ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು, "ಓದು, ನಿನ್ನ ಉಚ್ಚಾರ ಸುಧಾರಿಸೈತೇನು ನೋಡೂಣು" ಎನ್ನುತ್ತಿದ್ದ. ಎರಡು ವರ್ಷ ನಾನು ಅದನ್ನು ನಂಬಿ ಉಚ್ಚಾರ ತಿದ್ದಿಕೊಂಡಿದ್ದೆ.

ನನಗೀಗ ಅರವತ್ತೆಂಟು. ಬಲಗಣ್ಣಿನಲ್ಲಿ ಮಂಜು ತುಂಬಿದೆ. ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಅಜ್ಜಿ ಹೇಳಿದಂತೆ ಕುಂತಲ್ಲಿಗೆ ಚಹಾ ಬರುತ್ತದೆ.

ಅಂದು ಆ ಬದುವಿನ ಮೇಲಿದ್ದವರಲ್ಲಿ ನನ್ನನ್ನು ಬಿಟ್ಟು ಇನ್ನಿಬ್ಬರು ಬದುಕಿದ್ದಾರೆ. ಒಬ್ಬಳು ವಿಧವೆಯ ಮಗಳು. ಅವಳಿಗೆ ಕಣ್ಣು ಚೆನ್ನಾಗಿದೆ, ಅದೇ ಗದ್ದೆ ಮಾಡುತ್ತಾಳೆ, ನನ್ನ ಮಾತಿನಲ್ಲಿ ಸಂಶಯವಿದ್ದವರು ಅವಳನ್ನು ಕೇಳಬಹುದು. ಇನ್ನೊಬ್ಬ ಪಕ್ಕದ ಗದ್ದೆಯವನು. ಹೋದ ತಿಂಗಳು ಮುಂಡಗೋಡದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ತಾನೀಗ ಊರಿನ ಪಂಚ ಎಂದ. ಕಣ್ಣು ಹೇಗಿದೆ ಎಂದೆ.

"ಸ್ವಚ್ಛ ಕಾಣತಾವ," ಎಂದು, ತಲೆಗೆ ಶಾಲು ಹೊದ್ದು ನಿಂತಿದ್ದ ನನಗೆ ಕೈಮುಗಿದ. "ಬರ್ತೇನಿ, ಅಕ್ಕಾರ."