ತಕ್ಕಡಿಗೆ ಹಚ್ಚಿದ ಕುಂಕುಮ

ಅಮೆರಿಕದ ಸ್ಯಾನ್ ಮಟಿಯೋದಲ್ಲಿ ನಮ್ಮ ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ತೆರೆದರೆ ಸಾಕು, ನನ್ನ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು. ಆ ಮನೆಯ ಯಜಮಾನರು ಎಪ್ಪತ್ತು ದಾಟಿದ ಮೆಷಿನಿಸ್ಟು. ರೈಫಲ್ಲಿನಿಂದ ಗುರಿ ಹೊಡೆಯುವ ಹವ್ಯಾಸ, ತೋಟಾಗಳನ್ನೂ ತಾವೇ ತಯಾರಿಸಿಕೊಳ್ಳುತ್ತಿದ್ದರು. ಹಾರಿಸಿ ಉಳಿದ ಹಿತ್ತಾಳೆ ಕೊಳವೆ ತೊಳೆದು, ಅಳೆದು, ಮದ್ದು ತೂಗಿ ಹಾಕಿ, ಮೇಲೆ ಗುಂಡು ಕೂರಿಸುವುದು. ಅದಕ್ಕೆ ಅಳೆಯುವ ಗೇಜುಗಳೇನು, ಗುಂಡು ಒತ್ತಿ ಕೂರಿಸುವ ಪ್ರೆಸ್ಸೇನು, ಗಾಜಿನ ಗೂಡಿನೊಳಗೊಂದು ಎಲೆಕ್ಟ್ರಾನಿಕ್ ತಕ್ಕಡಿಯೇನು! ಬಂದೂಕು ನನಗೆ ಆಗಿಬರುವುದಿಲ್ಲ. ಆದರೆ ಅಳತೆ ನನ್ನ ಹೊಟ್ಟೆಪಾಡು. ಆಫೀಸಿನಲ್ಲಿ ಸೆನ್ಸರು ಪರೀಕ್ಷಿಸುವವನು ನಾನು. ಒಮ್ಮೆ ಅವರು ಒಂದು ಕಾಗದದ ಚೂರನ್ನು ತೂಗಿ, ಅದರ ಮೇಲೆ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದು ಮತ್ತೆ ತೂಗಿದರು. ಅಂಕಿ ಬದಲಾಯಿತು! ನನ್ನ ಹೆಸರಿಗೂ ತೂಕವಿದೆಯೆಂದು ಮನೆಯಲ್ಲಿ ವಾರವಿಡೀ ಹೇಳಿಕೊಂಡು ತಿರುಗಿದೆ.

"ಮದ್ದು ಚೂರು ಹೆಚ್ಚಾದರೆ?" ಎಂದು ಕೇಳಿದ್ದೆ. ಅವರು ಬಲಗಣ್ಣು ಮುಟ್ಟಿಕೊಂಡರು. ಹೆಚ್ಚಾದರೆ ರೈಫಲ್ಲೇ ಸಿಡಿಯಬಹುದು, ಅದು ಸಿಡಿಯುವುದು ಈ ಕಣ್ಣಿನ ಮುಂದೆ, ಎಡಗಣ್ಣು ಆಗಲೇ ಹೋಗಿದೆ ಎಂದರು.

ಆ ವರ್ಷ ದಸರೆಗೆ ಹುಬ್ಬಳ್ಳಿಯಿಂದ ಅವ್ವ ಬಂದಿದ್ದಳು. ತಕ್ಕಡಿ ನೋಡಿ ಮೂಗಿನ ಮೇಲೆ ಬೆರಳಿಟ್ಟಳು. "ಅಕ್ಕಸಾಲಿಗನ ತಕ್ಕಡಿಗಿಂತ ನಾಜೂಕ ಐತಲ್ಲೋ!" ಆಯುಧಪೂಜೆಯ ಬೆಳಿಗ್ಗೆ ನಮ್ಮ ಕಾರು, ಲ್ಯಾಪ್‌ಟಾಪು, ಮಿಕ್ಸರು ಎಲ್ಲಕ್ಕೂ ಪೂಜೆ ಮುಗಿಸಿ, ಆರತಿ ತಟ್ಟೆ ಹಿಡಿದು ನೇರ ಗ್ಯಾರೇಜಿಗೇ ನಡೆದಳು. ನಾನು ವಿಷಯ ಹೇಳಿದೆ. ಅವರು ಖುಷಿಯಿಂದ ಟೋಪಿ ತೆಗೆದು ನಿಂತರು. ಅವ್ವ ಕುಂಕುಮಕ್ಕೆ ನೀರು ಹಾಕಿ ಕಲಸಿ ಪ್ರೆಸ್ಸಿಗೆ, ಗೇಜಿಗೆ, ಕೊನೆಗೆ ತಕ್ಕಡಿಯ ತಟ್ಟೆಯ ಅಂಚಿಗೂ ಧಾರಾಳವಾಗಿ ಹಚ್ಚಿದಳು. ಮರುದಿನ ಅವರ ಗುರಿ ಹೊಡೆಯುವ ಸ್ಪರ್ಧೆಯಿತ್ತು. ಪೂಜೆಯಾಯಿತಲ್ಲ, ಈಗಲೇ ತೋಟಾ ತುಂಬಲು ಕೂರುತ್ತೇನೆ ಎಂದರು. ನಾನು ಆಫೀಸಿಗೆ ಹೋದೆ.

ಮಧ್ಯಾಹ್ನ ಊಟಕ್ಕೆಂದು ಪಾರ್ಕಿಂಗಿಗೆ ಬಂದರೆ ನನ್ನ ಕಾರಿನ ಕುಂಕುಮ ಒಣಗಿ ಉದುರುತ್ತಿತ್ತು. ಎಷ್ಟು ಮಿಲಿಗ್ರಾಂ ನೀರು ಆರಿರಬಹುದು? ಮಜಾ ಎನಿಸಿ ಲೆಕ್ಕ ಹಾಕತೊಡಗಿದೆ. ಹಾಕುತ್ತ ಹಾಕುತ್ತ ಪಕ್ಕದ ಮನೆಯವರ ತಕ್ಕಡಿ ನೆನಪಾಯಿತು. ಹಸಿ ಕುಂಕುಮದ ಸಮೇತ ಅವರು ತಕ್ಕಡಿಯನ್ನು ಸೊನ್ನೆಗೆ ತಂದಿದ್ದರೆ? ಕುಂಕುಮ ಒಣಗಿದಂತೆ ತಟ್ಟೆ ಹಗುರಾಗುತ್ತದೆ. ತಕ್ಕಡಿ ಅದೇ ಅಂಕಿ ತೋರಿಸಬೇಕಾದರೆ ಆ ಕೊರತೆಯಷ್ಟು ಮದ್ದು ಹೆಚ್ಚು ಬೀಳುತ್ತದೆ. ಫೋನು ಮಾಡಿದೆ, ಎತ್ತಲಿಲ್ಲ. ಫ್ರೀವೇಯಲ್ಲಿ ನನ್ನನ್ನೇ ಬೈದುಕೊಳ್ಳುತ್ತ ಬಂದೆ. ಮೂರು ಹೊತ್ತೂ ಅಳತೆ ಅಳತೆ ಅನ್ನುವವನ ತಲೆಗೆ ಬೆಳಿಗ್ಗೆ ಇಷ್ಟು ಹೊಳೆಯಬಾರದಿತ್ತೇ!

ಗ್ಯಾರೇಜಿನಲ್ಲಿ ಐವತ್ತು ತೋಟಾ ಡಬ್ಬಿಯಲ್ಲಿ ಸಾಲಾಗಿ ಸಿದ್ಧವಾಗಿದ್ದವು. ನಾನು ತೊದಲುತ್ತಲೇ ಹೇಳಿದೆ. ಅವರು ತೂಕದ ಕಲ್ಲನ್ನು ತಟ್ಟೆಯ ಮೇಲಿಟ್ಟರು. ಕಡಿಮೆ ತೋರಿಸಿತು. ಸೊನ್ನೆ ಸರಿಮಾಡಿ, ಮೊದಲು ತುಂಬಿದ ತೋಟಾ ಬಿಚ್ಚಿ ಅದರ ಮದ್ದು ತೂಗಿದರು. ಸರಿಯಿತ್ತು. ಕೊನೆಯದನ್ನು ಬಿಚ್ಚಿ ತೂಗಿದರು. ಮದ್ದು ಹೆಚ್ಚಿತ್ತು. ಅಂಕಿ ನೋಡಿ ಕುರ್ಚಿಗೆ ಒರಗಿ ಕೂತುಬಿಟ್ಟರು.

ನನ್ನ ಕಾರು ಹೊತ್ತಿಗೆ ಮೊದಲೇ ಬಂದದ್ದು ಕಂಡು ಅವ್ವ ಬಂದಳು. "ಯಾಕೋ, ಏನಾತು?" ಮುಚ್ಚಿಡುವುದಾಗಲಿಲ್ಲ, ಎಲ್ಲ ಹೇಳಿದೆ. ಅವ್ವ ತಕ್ಕಡಿಯ ಮುಂದೆ ಬಂದು ಬಗ್ಗಿ ನೋಡಿದಳು.

"ಅಯ್ಯ ಶಿವನ! ನನಗರ ತಿಳಿಲಿಲ್ಲ. ಇಷ್ಟ ಬಲ್ಲವ್ರು, ಅವ್ರರ ಯಾಕ ಒರಸ್ಲಿಲ್ಲೋ? ಕೇಳು."

ಕೇಳಿದೆ. ಅವರು ಕನ್ನಡಕ ತೆಗೆದು ಅವ್ವನ ಕಡೆ ನೋಡಿದರು. ತಟ್ಟೆಗೆ ಏನೂ ತಾಗಬಾರದೆಂದು ತಮಗೆ ಗೊತ್ತಿತ್ತು. ಒರೆಸಲು ಬಟ್ಟೆಯನ್ನೂ ಕೈಗೆತ್ತಿಕೊಂಡಿದ್ದರು. ಆದರೆ ಆ ತಾಯಿ ಕಣ್ಮುಚ್ಚಿ ಕೈಮುಗಿದು ಇಟ್ಟದ್ದು, ಅಳಿಸಲು ಮನಸ್ಸಾಗಲಿಲ್ಲ ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವ್ವ ಬಿಕ್ಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಒದ್ದೆ ಸೆರಗಿನಿಂದ ತಟ್ಟೆಯ ಕುಂಕುಮವನ್ನು ಉಜ್ಜಿ ಉಜ್ಜಿ ತೆಗೆದಳು.