ಜಗಲಿಯ ಕಂಪ್ಯೂಟರ್ ಕಂಬ

ತೊಂಬತ್ತರ ದಶಕದಲ್ಲಿ ನಾನು ಕಾರವಾರದಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆ. ಕಟ್ಟಡ ಎಷ್ಟು ಭಾರ ತಾಳುತ್ತದೆಂದು ಲೆಕ್ಕಹಾಕುವ, ಇಂಜಿನಿಯರುಗಳಿಗಾಗಿ ಮಾಡಿದ ತಂತ್ರಾಂಶವೊಂದು ಆಗಷ್ಟೇ ನಮ್ಮ ವಿಭಾಗಕ್ಕೆ ಬಂದಿತ್ತು. ನಮ್ಮ ವಿದ್ಯಾರ್ಥಿಗಳಿಗೆ ಸೂತ್ರಗಳೆಂದರೆ ಬೇಸರ. ಆದರೆ ಪರದೆಯ ಮೇಲೆ ತೊಲೆ ಬಾಗುವುದನ್ನು ನೋಡಲು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಿಮಗೆ ಗೊತ್ತಿರುವ ಯಾವುದಾದರೂ ಮನೆಯನ್ನು ಅಳೆದು ತನ್ನಿ ಎಂದೆ.

ಅಂಕೋಲೆ ಬಳಿಯ ಕೇಣಿಯ ವಿದ್ಯಾರ್ಥಿನಿಯೊಬ್ಬಳು ತಮ್ಮ ಮನೆಯ ಹೊಸ ಜಗಲಿಯನ್ನೇ ಅಳೆದು ತಂದಳು. ಅವಳ ತಂದೆ ಮೀನುಗಾರರು. ಮಳೆಗಾಲದಲ್ಲಿ ಬಲೆಯನ್ನು ಉದ್ದಕ್ಕೆ ಹರಡಿ ರಿಪೇರಿ ಮಾಡಲು ಅಡ್ಡ ಬರಬಾರದೆಂದು, ನಡುವೆ ಕಂಬವಿಲ್ಲದೆ ಒಂದೇ ಉದ್ದನೆಯ ತೊಲೆ ಹಾಕಿಸಿದ್ದರು. ಪರದೆಯ ಮೇಲೆ ಅದು ಜೋಲಿಯಂತೆ ಜೋತುಬಿತ್ತು. ಅಂಕಿಗಳೆಲ್ಲ ಮಿತಿಯೊಳಗಿದ್ದವು. ಚಿತ್ರದೊಂದಿಗೆ ಅಚ್ಚಾದ ಹಾಳೆಗೆ ಸಹಿ ಹಾಕಿ ಮುಂದಿನವರನ್ನು ಕರೆದೆ.

ಎರಡು ವಾರಗಳ ಬಳಿಕ, ಬಲೆ ಕೆಲಸ ಶುರುವಾಯಿತೇ ಎಂದು ಅವಳನ್ನು ಕೇಳಿದೆ.

"ಎಲ್ಲಿ ಮೇಡಂ? ಆ ಚಿತ್ರ ನೋಡಿ ಅಪ್ಪ ನಡುವೆ ಕಂಬ ಕೊಟ್ಟುಬಿಟ್ರು. ಬಲೆ ಹರಡೂಕೇ ಆಗೂದಿಲ್ಲ."

ಬಾಗಿದ್ದು ಕಣ್ಣಿಗೆ ಕಾಣಲೆಂದು ತಂತ್ರಾಂಶ ಅದನ್ನು ನೂರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ನನಗೆ ಅದೆಷ್ಟು ರೂಢಿಯಾಗಿತ್ತೆಂದರೆ, ತರಗತಿಯಲ್ಲಿ ಹೇಳಿರಲೇ ಇಲ್ಲ.

ಕರೆಯದೆ ಯಾರ ಮನೆಗೂ ಹೋಗುವವಳಲ್ಲ ನಾನು. ಆದರೂ ಆ ಭಾನುವಾರ ಅಂಕೋಲೆಯಲ್ಲಿ ಬಸ್ಸು ಬದಲಿಸಿ ಕೇಣಿಗೆ ಹೋದೆ.

"ಬನ್ನಿ ಅಕ್ಕೋರೆ," ಎಂದರು ಅವಳ ತಾಯಿ. "ತಲೆ ಜೋಪಾನ. ಅದು ಕಂಪ್ಯೂಟರ್ ಕಂಬ. ನಾನು ಮೂರು ಸಲ ಹೊಡಸ್ಕಂಡೆ."

"ಸುಮ್ನಿರೇ," ಎಂದರು ತಂದೆ. "ಹೆಂಚಿನ ಮಾಡು ಬಿದ್ದಿದ್ರೆ ಹೊಡಸ್ಕಳೂಕೆ ತಲೆನೇ ಇರ್ತಿರ್ಲಿಲ್ಲ."

ಚಿತ್ರ ಹಿಗ್ಗಿಸಿ ತೋರಿಸಿದ್ದೆಂದು ವಿವರಿಸಿ, ತಪ್ಪು ನನ್ನದು, ಮಗಳದ್ದಲ್ಲ ಎಂದು ಹೇಳಿದೆ. ತಂದೆ ತಲೆಯೆತ್ತಿ ತೊಲೆಯನ್ನು ನೋಡಿದರು.

"ಹಂಗಾರೆ ಖರೆ ಎಷ್ಟು ಬಾಗ್ತದೆ?"

ಕಿರುಬೆರಳಿನ ಉಗುರು ತೋರಿಸಿದೆ. ತಾಯಿ ಸೆರಗು ಬಾಯಿಗಿಟ್ಟು ನಕ್ಕರು. ತಂದೆ ನಗಲಿಲ್ಲ. ಮನೆಮಂದಿಯೆಲ್ಲ ಆ ಮಾಡಿನ ಕೆಳಗೇ ಮಲಗಬೇಕಲ್ಲ.

ಮಗಳ ಅಳತೆಯನ್ನು ನಂಬಿ ಕೂರದೆ, ಸ್ಟೂಲು ಹತ್ತಿ ತೊಲೆಯ ಅಗಲ, ಎತ್ತರ, ಉದ್ದವನ್ನು ನಾನೇ ಅಳೆದೆ. ಒಂದರಲ್ಲೂ ವ್ಯತ್ಯಾಸವಿರಲಿಲ್ಲ. ಕೆಳಗಿಳಿದು, ಕಂಬ ತೆಗೆಯಿರಿ ಎಂದು ಹೇಳಿ, ತೊಲೆಯ ನಡುಮಧ್ಯಕ್ಕೆ, ಕಂಬಕ್ಕೆ ತಾಗಿಕೊಂಡೇ ನಿಂತೆ.

"ಆಚೆ ಬನ್ನಿ ಅಕ್ಕೋರೆ."

"ಇರಲಿ. ನೀವು ಹೊಡೆಯಿರಿ."

ಅವರು ಕಂಬದ ಬುಡಕ್ಕೆ ಕೊಟ್ಟಿದ್ದ ಬೆಣೆಯನ್ನು ಸುತ್ತಿಗೆಯಿಂದ ಹೊಡೆದರು. ಮೇಲೆ ಒಮ್ಮೆ ಕಿರ್ ಎಂದಿತು. ಹೆಂಚಿನ ಸಂದಿಯಿಂದ ಒಂದಿಷ್ಟು ಧೂಳು ನನ್ನ ಹೆಗಲ ಮೇಲೆ ಬಿತ್ತು. ತೊಲೆ ಹಾಗೇ ನಿಂತಿತು. ಅಪ್ಪ ಮಗಳು ಕಂಬವನ್ನು ಹೊತ್ತು ಅಂಗಳಕ್ಕೆ ಹಾಕಿದರು.

ಆಮೇಲೆ ತಂದೆ ಮೂಲೆಯಲ್ಲಿದ್ದ ಬಲೆಯ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಜಗಲಿಯ ಆ ಕೊನೆಯವರೆಗೂ ನಡೆದರು. ಬಲೆಗೆ ಜಾಗ ಬಿಡಲು ನಾನು ಅಂಗಳಕ್ಕಿಳಿದೆ.